ಸೊಂಟದ ಕೀಲಿನ ಬಳಿ ಎಲುಬಿನ ಗಡ್ಡೆ: ಗಡ್ಡೆ ತೆಗೆದ ಜಾಗವನ್ನು ತುಂಬುವ ಎಲುಬು ಕಸಿ

(ರೋಗಿಗಳು ಹಾಗೂ ಆರೈಕೆಗೆ ನಿಂತ ಬಂಧುಗಳ ತಿಳಿವಳಿಕೆಗಾಗಿ)



"ಎಲುಬಿನಲ್ಲಿ ಗಡ್ಡೆ ಇದೆ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆಮಂದಿಯೆಲ್ಲ ಹೌಹಾರುವುದು ಸಹಜ. ಗಡ್ಡೆ ಎಂದರೆ ಕ್ಯಾನ್ಸರ್, ಕ್ಯಾನ್ಸರ್ ಎಂದರೆ ಕಾಲು ಹೋಯಿತು, ಜೀವವೂ ಹೋಯಿತು ಎಂದು ಮನಸ್ಸು ಓಡುತ್ತದೆ. ಆದರೆ ಎಲುಬಿನ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ದೇಹದ ಬೇರೆ ಭಾಗಗಳಿಗೆ ಹಬ್ಬದೆ, ಹುಟ್ಟಿದ ಜಾಗದಲ್ಲೇ ಉಳಿಯುವ ಗಡ್ಡೆಗಳು ಹಲವು ಇವೆ. ಇವನ್ನು ನಿರಪಾಯಕಾರಿ ಗಡ್ಡೆಗಳು ಎನ್ನುತ್ತೇವೆ. ಹಾಗೆಂದು ಇವನ್ನು ಕಡೆಗಣಿಸುವಂತಿಲ್ಲ. ಸೊಂಟದ ಕೀಲಿನ ಬಳಿ ಬಂದರಂತೂ ಖಂಡಿತ ಕಡೆಗಣಿಸಬಾರದು. ಏಕೆ ಎಂಬುದನ್ನೂ, ಚಿಕಿತ್ಸೆ ಹೇಗೆ ನಡೆಯುತ್ತದೆ, ಮನೆಯವರು ಏನು ಮಾಡಬೇಕು ಎಂಬುದನ್ನೂ ಈ ಪುಟಗಳಲ್ಲಿ ಸರಳವಾಗಿ ವಿವರಿಸಲಾಗಿದೆ. ದಯವಿಟ್ಟು ಪೂರ್ತಿ ಓದಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ.

ಈ ಜಾಗವೇ ಏಕೆ ಮುಖ್ಯ?

ತೊಡೆಯ ಎಲುಬಿನ ಮೇಲ್ತುದಿ ಚೆಂಡಿನಂತೆ ದುಂಡಗಿದ್ದು, ಸೊಂಟದ ಎಲುಬಿನ ಬಟ್ಟಲಿನಲ್ಲಿ ಕುಳಿತಿರುತ್ತದೆ. ಚೆಂಡಿನ ಕೆಳಗೆ ಓರೆಯಾದ ಒಂದು ಕುತ್ತಿಗೆ ಇದೆ. ದೇಹದ ಭಾರವೆಲ್ಲ ಈ ಕುತ್ತಿಗೆಯ ಮೂಲಕವೇ ಕಾಲಿಗೆ ಇಳಿಯಬೇಕು. ನಡೆಯುವಾಗ ಒಂದು ಕಾಲು ನೆಲ ಬಿಟ್ಟ ಗಳಿಗೆಯಲ್ಲಿ ಇನ್ನೊಂದು ಕಾಲಿನ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು. ಅಂದರೆ 50 ಕಿಲೋ ತೂಕದ ವ್ಯಕ್ತಿಯಲ್ಲಿ ಅದು 125ರಿಂದ 150 ಕಿಲೋ ಆಗುತ್ತದೆ. ತಲೆಯ ಮೇಲೆ ಹೊರೆ ಇದ್ದರೆ ಇನ್ನೂ ಹೆಚ್ಚು.

ಮಾಳಿಗೆ ಮನೆಯ ತೊಲೆಗೆ ಗೆದ್ದಲು ಹಿಡಿದರೆ ಏನಾಗುತ್ತದೆ? ಹೊರಗಿನಿಂದ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಪೊಳ್ಳು. ಒಂದು ದಿನ ಮಳೆಗೆ ಮಾಳಿಗೆಯ ಮಣ್ಣು ನೆನೆದು ಭಾರವಾದಾಗ ತೊಲೆ ಮುರಿಯುತ್ತದೆ. ಎಲುಬಿನ ಒಳಗೆ ಬೆಳೆಯುವ ಗಡ್ಡೆಯೂ ಹಾಗೆಯೇ. ಅದು ಪ್ರಾಣಕ್ಕೆ ಎರವಾಗುವುದಿಲ್ಲ, ಆದರೆ ಎಲುಬನ್ನು ಒಳಗಿನಿಂದ ಟೊಳ್ಳು ಮಾಡುತ್ತದೆ. ಹೊಲದ ಬದು ದಾಟುವಾಗ ಕಾಲು ಜಾರಿದರೂ ಸಾಕು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಸಾಕು, ಎಲುಬು ಮುರಿಯಬಹುದು. ಕುತ್ತಿಗೆಯ ಭಾಗದಲ್ಲಿ ಮುರಿದರೆ ಚೆಂಡಿಗೆ ಹೋಗುವ ರಕ್ತನಾಳಗಳೂ ಹರಿದು, ಚೆಂಡು ರಕ್ತವಿಲ್ಲದೆ ಸಾಯುವ ಅಪಾಯವಿದೆ. ಆಗ ಆಗುವ ಕುಂಟು ಜೀವನಪರ್ಯಂತ ಉಳಿಯಬಹುದು. ಆದ್ದರಿಂದ ಮುರಿಯುವ ಮುನ್ನ ಚಿಕಿತ್ಸೆ ಮಾಡುವುದು ಲೇಸು.

ಯಾವ ಯಾವ ಗಡ್ಡೆಗಳು?

ಸರಳ ಎಲುಬು ಚೀಲ: ಎಲುಬಿನೊಳಗೆ ನೀರಿನಂಥ ದ್ರವ ತುಂಬಿದ ಚೀಲವಿದು. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಕಾಣುತ್ತದೆ. ತೋಳಿನ ಎಲುಬಿನ ಮೇಲ್ಭಾಗ ಇದರ ಮೊದಲ ಜಾಗ, ತೊಡೆಯ ಎಲುಬಿನ ಮೇಲ್ಭಾಗ ಎರಡನೆಯದು.

ರಕ್ತ ತುಂಬಿದ ಎಲುಬು ಚೀಲ: 20 ವರ್ಷದೊಳಗಿನವರಲ್ಲಿ ಹೆಚ್ಚು. ಬೇಗ ಬೆಳೆದು ಎಲುಬನ್ನು ಉಬ್ಬಿಸುತ್ತದೆ.

ಫೈಬ್ರಸ್ ಡಿಸ್‌ಪ್ಲೇಸಿಯಾ: ಗಟ್ಟಿ ಎಲುಬು ಇರಬೇಕಾದ ಕಡೆ ನಾರಿನಂಥ ಪದಾರ್ಥ ಬೆಳೆಯುತ್ತದೆ. ದೇಹದ ಭಾರಕ್ಕೆ ಎಲುಬು ನಿಧಾನವಾಗಿ ಬಾಗುತ್ತದೆ. ಹೆಚ್ಚು ಬಾಗಿದಾಗ ಎಕ್ಸ್-ರೇಯಲ್ಲಿ ತೊಡೆಯ ಎಲುಬು ಕುರಿಗಾಹಿಯ ಕೊಕ್ಕೆಗೋಲಿನಂತೆ ಕಾಣುತ್ತದೆ. ವೈದ್ಯರು ಅದನ್ನು ಕರೆಯುವುದೂ ಆ ಕೋಲಿನ ಹೆಸರಿನಿಂದಲೇ. ಇದು ತಂದೆತಾಯಿಯಿಂದ ಬರುವ ರೋಗವಲ್ಲ, ಮಕ್ಕಳಿಗೂ ಹೋಗುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಈ ಭಯ ಬೇಡ.

ದೈತ್ಯಕೋಶ ಗಡ್ಡೆ: ಸಾಮಾನ್ಯವಾಗಿ 20ರಿಂದ 40 ವರ್ಷದ, ದುಡಿಯುವ ವಯಸ್ಸಿನವರಲ್ಲಿ ಬರುತ್ತದೆ. ಕೀಲಿಗೆ ತೀರ ಹತ್ತಿರ ಬೆಳೆಯುತ್ತದೆ. ನಿರಪಾಯಕಾರಿ ಎನಿಸಿಕೊಂಡರೂ ಹಟಮಾರಿ ಗಡ್ಡೆ. ತೆಗೆದ ಮೇಲೂ ಮರಳಿ ಬರುವ ಸ್ವಭಾವ ಇದಕ್ಕಿದೆ. ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುವುದುಂಟು. ಹೀಗಾಗಿ ಎದೆಯ ಎಕ್ಸ್-ರೇ ತೆಗೆಸಲು ಹೇಳುತ್ತೇವೆ.

ಯಾವ ಲಕ್ಷಣಕ್ಕೆ ಎಚ್ಚರ?

ತೊಡೆಸಂದಿನಲ್ಲಿ ನೋವು, ನಡೆದಾಗ ಹೆಚ್ಚಾಗುವ ನೋವು, ಸಣ್ಣ ಕುಂಟು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿರುವುದು ಮುಖ್ಯ ಲಕ್ಷಣಗಳು. ಒಂದು ವಿಷಯ ನೆನಪಿಡಿ: ಸೊಂಟದ ಕೀಲಿನ ತೊಂದರೆ ಎಷ್ಟೋ ಸಲ ಮೊಣಕಾಲಿನ ನೋವಾಗಿ ತೋರುತ್ತದೆ, ಏಕೆಂದರೆ ಎರಡಕ್ಕೂ ಹೋಗುವ ನರ ಒಂದೇ. ಮಗು ಮೊಣಕಾಲು ಹಿಡಿದು ಅಳುತ್ತಿದ್ದು, ಮೊಣಕಾಲಿನ ಎಕ್ಸ್-ರೇ ಸರಿಯಾಗಿಯೇ ಇದ್ದರೆ, ಸೊಂಟದ ಎಕ್ಸ್-ರೇಯನ್ನೂ ತೆಗೆಸಬೇಕೇ ಎಂದು ವೈದ್ಯರನ್ನು ಕೇಳಿರಿ.

ಇನ್ನೊಂದು ಎಚ್ಚರಿಕೆ. ನೋವು ಎಂದೊಡನೆ ಎಣ್ಣೆ ಹಚ್ಚಿ ತಿಕ್ಕಿಸುವುದು, ಎಳೆಸುವುದು, ಪಟ್ಟು ಕಟ್ಟಿಸುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ಕೈ ಪಳಗಿದ ನಾಟಿ ವೈದ್ಯರ ಬಗ್ಗೆ ನಮಗೆ ಅಗೌರವವಿಲ್ಲ. ಆದರೆ ಒಳಗೆ ಟೊಳ್ಳಾದ ಎಲುಬು ಕೈಗೆ ತಿಳಿಯುವುದಿಲ್ಲ, ಎಕ್ಸ್-ರೇಗೆ ಮಾತ್ರ ತಿಳಿಯುತ್ತದೆ. ಮೂರು ವಾರಕ್ಕೂ ಹೆಚ್ಚು ಉಳಿದ ಸೊಂಟದ ಅಥವಾ ತೊಡೆಯ ನೋವಿಗೆ ಮೊದಲು ಎಕ್ಸ್-ರೇ, ಉಳಿದದ್ದೆಲ್ಲ ಆಮೇಲೆ.

ಪರೀಕ್ಷೆಗಳು

ಎಕ್ಸ್-ರೇಯಿಂದ ಅರ್ಧ ವಿಷಯ ತಿಳಿಯುತ್ತದೆ. ಗಡ್ಡೆ ಎಷ್ಟು ಹರಡಿದೆ ಎಂದು ತಿಳಿಯಲು ಎಂಆರ್‌ಐ, ಎಲುಬಿನ ಗೋಡೆ ಎಷ್ಟು ಉಳಿದಿದೆ ಎಂದು ತಿಳಿಯಲು ಸಿಟಿ ಸ್ಕ್ಯಾನ್ ಬೇಕಾಗಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಪ್ರಮಾಣವನ್ನೂ ನೋಡುತ್ತೇವೆ. ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟಾಗಲೂ ಎಲುಬಿನಲ್ಲಿ ಗಡ್ಡೆಯಂತೆಯೇ ಕಾಣುವ ಕುಳಿಗಳು ಬೀಳುತ್ತವೆ. ಅವಕ್ಕೆ ಮದ್ದು ಗ್ರಂಥಿಗೆ ಚಿಕಿತ್ಸೆ ಮಾಡುವುದೇ ಹೊರತು ಎಲುಬನ್ನು ಕೆರೆಯುವುದಲ್ಲ.

ಬಯಾಪ್ಸಿ ಎಂದರೆ ಗಡ್ಡೆಯ ಸಣ್ಣ ತುಣುಕನ್ನು ದಪ್ಪ ಸೂಜಿಯಿಂದ ತೆಗೆದು ಪರೀಕ್ಷಿಸುವುದು. "ಸೂಜಿ ತಾಗಿದರೆ ಗಡ್ಡೆ ಕ್ಯಾನ್ಸರ್ ಆಗಿಬಿಡುತ್ತದೆ" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಇದು ನಿಜವಲ್ಲ. ನಿಜವಾದ ಅಪಾಯ ಬಯಾಪ್ಸಿ ಮಾಡಿಸದೆ ಇರುವುದರಲ್ಲಿದೆ. ಕ್ಯಾನ್ಸರನ್ನು ಸಾದಾ ಗಡ್ಡೆ ಎಂದು ತಿಳಿದು ಕೆರೆದರೆ ರೋಗ ಸುತ್ತ ಹರಡಿ, ಉಳಿಸಬಹುದಾಗಿದ್ದ ಕಾಲನ್ನೂ ಕಳೆದುಕೊಳ್ಳಬೇಕಾಗಬಹುದು. ಸೂಜಿ ಯಾವ ದಾರಿಯಲ್ಲಿ ಹೋಗಬೇಕು ಎಂಬುದೂ ಮುಖ್ಯ. ಆದ್ದರಿಂದ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರೇ ಬಯಾಪ್ಸಿಯನ್ನೂ ಮಾಡುವುದು ಅಥವಾ ಅವರ ಸಲಹೆಯಂತೆ ಮಾಡಿಸುವುದು ಒಳ್ಳೆಯದು. ವರದಿ ಬರಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಕಾಯಿರಿ, ಆ ಕಾಲಿನ ಮೇಲೆ ಭಾರ ಹಾಕಬೇಡಿರಿ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತೇವೆ?

ಎಲ್ಲ ಗಡ್ಡೆಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಚಿಕ್ಕದಾಗಿದ್ದು, ನೋವಿಲ್ಲದೆ, ಎಲುಬಿನ ಗೋಡೆ ಗಟ್ಟಿಯಿದ್ದರೆ ಆಗಾಗ ಎಕ್ಸ್-ರೇ ತೆಗೆದು ಕಾಯುವುದುಂಟು. ಮುರಿಯುವ ಸಂಭವ ಇದ್ದರೆ, ನೋವಿದ್ದರೆ, ಬೆಳೆಯುತ್ತಿದ್ದರೆ ತೆಗೆಯುತ್ತೇವೆ. ಕೆಲಸ ನಾಲ್ಕು ಹಂತಗಳಲ್ಲಿ ನಡೆಯುತ್ತದೆ.

1. ಕಿಟಕಿ ತೆರೆಯುವುದು. ಎಲುಬಿನ ಗೋಡೆಯಲ್ಲಿ ಕಿಟಕಿಯಷ್ಟು ಜಾಗ ತೆರೆದು ಗಡ್ಡೆಯನ್ನು ಪೂರ್ತಿ ಕಣ್ಣಿಗೆ ಕಾಣುವಂತೆ ಮಾಡುವುದು.

2. ಕೆರೆದು ತೆಗೆಯುವುದು. ಸೌಟಿನಂಥ ಸಲಕರಣೆಯಿಂದ ಗಡ್ಡೆಯನ್ನೆಲ್ಲ ಕೆರೆದು ಹೊರತೆಗೆಯುವುದು. ತೆಗೆದದ್ದನ್ನು ಮತ್ತೆ ಪರೀಕ್ಷೆಗೆ ಕಳಿಸುತ್ತೇವೆ.

3. ಗೋಡೆಯನ್ನು ಶುದ್ಧ ಮಾಡುವುದು. ಬರಿ ಕೆರೆದರೆ ಮೂಲೆ ಸಂದುಗಳಲ್ಲಿ ಗಡ್ಡೆಯ ಕಣಗಳು ಉಳಿಯುತ್ತವೆ. ಹಟಮಾರಿ ಗಡ್ಡೆಗಳಲ್ಲಿ ವೇಗವಾಗಿ ತಿರುಗುವ ಬರ್ ಎಂಬ ಯಂತ್ರದಿಂದ ಗೋಡೆಯನ್ನು ತೇಯ್ದು, ಫೀನಾಲ್‌ನಂಥ ಔಷಧಿ ಅಥವಾ ವಿದ್ಯುತ್ ಶಾಖದಿಂದ ಉಳಿದ ಕಣಗಳನ್ನು ಸುಡುತ್ತಾರೆ. ಹೀಗೆ ಮಾಡಿದಾಗ ಗಡ್ಡೆ ಮರಳುವ ಸಂಭವ ಬಹಳ ಕಡಿಮೆಯಾಗುತ್ತದೆ.

4. ತುಂಬುವುದು ಮತ್ತು ಭದ್ರಪಡಿಸುವುದು. ಈಗ ಎಲುಬಿನೊಳಗೆ ಒಂದು ಗುಂಡಿ ಇದೆ. ಅದನ್ನು ಹಾಗೆಯೇ ಬಿಟ್ಟರೆ ಎಲುಬು ಮುರಿಯುತ್ತದೆ. ಇಲ್ಲಿ ಬರುತ್ತದೆ ಎಲುಬು ಕಸಿ. ಭಾರ ಹೊರುವ ಜಾಗವಾದ್ದರಿಂದ ಬಹುಪಾಲು ರೋಗಿಗಳಿಗೆ ತಟ್ಟೆ-ಸ್ಕ್ರೂ ಅಥವಾ ಎಲುಬಿನೊಳಗೆ ಹಾಕುವ ಸರಳನ್ನೂ ಜೋಡಿಸುತ್ತಾರೆ.

ಕಸಿಯ ಎಲುಬು ಎಲ್ಲಿಂದ?

ನಿಮ್ಮದೇ ಎಲುಬು: ಇದೇ ಎಲ್ಲಕ್ಕಿಂತ ಉತ್ತಮ. ಇದರಲ್ಲಿ ಜೀವಕೋಶಗಳಿವೆ, ಹೊಸ ಎಲುಬು ಬೆಳೆಯಲು ಬೇಕಾದ ಪ್ರಚೋದಕಗಳಿವೆ, ಅದು ಹಬ್ಬಲು ಬೇಕಾದ ಹಂದರವೂ ಇದೆ. ಸೊಂಟದ ಎಲುಬಿನ ಅಂಚಿನಿಂದ ಮೆತ್ತನೆಯ ಎಲುಬನ್ನು ತೆಗೆದುಕೊಳ್ಳುತ್ತೇವೆ. ಕುತ್ತಿಗೆಗೆ ಆಧಾರಗಂಬ ಬೇಕೆಂದಾಗ ಮೊಣಕಾಲ ಕೆಳಗಿರುವ ಎರಡು ಎಲುಬುಗಳಲ್ಲಿ ತೆಳ್ಳಗಿರುವ ಹೊರಗಿನ ಎಲುಬಿನಿಂದ ಒಂದು ತುಂಡು ತೆಗೆಯುತ್ತೇವೆ. ಭಾರ ಹೊರುವುದು ಮುಖ್ಯವಾಗಿ ಒಳಗಿನ ದಪ್ಪ ಎಲುಬಾದ್ದರಿಂದ, ಹಿಮ್ಮಡಿಯ ಗಂಟಿನ ಕಡೆಯ ಭಾಗವನ್ನು ಉಳಿಸಿಕೊಂಡು ಮಧ್ಯದ ತುಂಡು ತೆಗೆದರೆ ನಡಿಗೆಗೆ ಕೊರತೆಯಾಗುವುದಿಲ್ಲ. ಫೈಬ್ರಸ್ ಡಿಸ್‌ಪ್ಲೇಸಿಯಾದಲ್ಲಿ ಈ ಗಟ್ಟಿ ಎಲುಬಿನ ಕಸಿಗೇ ಆದ್ಯತೆ. ಅಲ್ಲಿ ಮೆತ್ತನೆಯ ಎಲುಬು ತುಂಬಿದರೆ ರೋಗದ ನಾರು ಅದನ್ನೂ ನಿಧಾನವಾಗಿ ಕರಗಿಸಿಬಿಡುತ್ತದೆ. ತನ್ನದೇ ಎಲುಬು ಪಡೆಯುವುದರ ಅನಾನುಕೂಲವೆಂದರೆ ಇನ್ನೊಂದು ಗಾಯ, ಇನ್ನೊಂದು ಕಡೆ ನೋವು.

ದಾನಿಯ ಎಲುಬು: ಗುಂಡಿ ದೊಡ್ಡದಿದ್ದಾಗ, ಅಥವಾ ಚಿಕ್ಕ ಮಕ್ಕಳಲ್ಲಿ ತೆಗೆಯಲು ಸಾಕಷ್ಟು ಎಲುಬು ಇಲ್ಲದಾಗ ಎಲುಬು ಬ್ಯಾಂಕಿನ ಎಲುಬನ್ನು ಬಳಸುತ್ತಾರೆ. ಸೊಂಟದ ಕೀಲು ಬದಲಾಯಿಸಿಕೊಂಡವರ ದೇಹದಿಂದ ಹೊರತೆಗೆದ ಚೆಂಡನ್ನೂ, ಮರಣಾನಂತರ ದಾನ ಮಾಡಿದವರ ಎಲುಬನ್ನೂ ಪರೀಕ್ಷಿಸಿ, ಸಂಸ್ಕರಿಸಿ ಇಡಲಾಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಿಂದ ಇಂಥ ಅಂಗಾಂಶ ಬ್ಯಾಂಕ್ ಇದ್ದು, ಅಲ್ಲಿ ಗಾಮಾ ಕಿರಣಗಳಿಂದ ರೋಗಾಣುಗಳನ್ನು ನಾಶಪಡಿಸುತ್ತಾರೆ. ಅಂಗಾಂಗ ಕಸಿಯ 1994ರ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆದ ಮೇಲೆ ಎಲುಬಿನಂಥ ಅಂಗಾಂಶಗಳೂ ಕಾನೂನಿನ ವ್ಯಾಪ್ತಿಗೆ ಬಂದಿವೆ. ಕಣ್ಣಿನಂತೆ ಎಲುಬನ್ನೂ ದಾನ ಮಾಡಬಹುದೆಂಬುದು ಅನೇಕರಿಗೆ ತಿಳಿದಿಲ್ಲ.

ಕೃತಕ ಎಲುಬು ಮತ್ತು ಸಿಮೆಂಟ್: ಕ್ಯಾಲ್ಸಿಯಂ ಲವಣಗಳಿಂದ ತಯಾರಿಸಿದ ಹರಳುಗಳು ಹಂದರದ ಕೆಲಸವನ್ನಷ್ಟೇ ಮಾಡುತ್ತವೆ, ಅವುಗಳಲ್ಲಿ ಜೀವಕೋಶವಿಲ್ಲ. ದೈತ್ಯಕೋಶ ಗಡ್ಡೆಯಲ್ಲಿ ಕೆಲವೊಮ್ಮೆ ಎಲುಬಿನ ಸಿಮೆಂಟ್ ತುಂಬುತ್ತಾರೆ. ಅದು ಗಟ್ಟಿಯಾಗುವಾಗ ಹೊಮ್ಮುವ ಶಾಖ ಉಳಿದ ಕಣಗಳನ್ನು ಕೊಲ್ಲಲು ನೆರವಾಗುತ್ತದೆ, ಗಡ್ಡೆ ಮರಳಿದರೆ ಎಕ್ಸ್-ರೇಯಲ್ಲಿ ಬೇಗ ಕಾಣುತ್ತದೆ.

ಎಲುಬು ಕಸಿ ಹೊಸ ಪ್ರಯೋಗವೇನೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಮೆಕ್ಯೂವನ್ ಎಂಬ ವೈದ್ಯರು 1880ರ ಸುಮಾರಿಗೆ, ಕೀವಾಗಿ ತೋಳಿನ ಎಲುಬನ್ನೇ ಕಳೆದುಕೊಂಡಿದ್ದ ಒಬ್ಬ ಬಾಲಕನಿಗೆ, ಬೇರೆ ಮಕ್ಕಳ ಸೊಟ್ಟಗಾಲು ತಿದ್ದುವಾಗ ತೆಗೆದ ಎಲುಬಿನ ತುಣುಕುಗಳನ್ನು ಜೋಡಿಸಿ ತೋಳು ಉಳಿಸಿದ್ದರು.

ಕಸಿ ಕೂಡುವುದು ಹೇಗೆ?

ಮಾವಿನ ಗಿಡಕ್ಕೆ ಕಸಿ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಟ್ಟಿದ ಜಾಗ ಅಲುಗಾಡಬಾರದು, ಒಣಗಬಾರದು, ದಿನಕ್ಕೊಮ್ಮೆ ಬಿಚ್ಚಿ ನೋಡಬಾರದು. ಎಲುಬಿನ ಕಸಿಯಲ್ಲಿ ಒಂದು ವ್ಯತ್ಯಾಸವಿದೆ. ಹಾಕಿದ ಎಲುಬು ಬಹುಮಟ್ಟಿಗೆ ಹಾಗೆಯೇ ಉಳಿಯುವುದಿಲ್ಲ. ಮೊದಲ ವಾರಗಳಲ್ಲಿ ಸುತ್ತಲಿನಿಂದ ಹೊಸ ರಕ್ತನಾಳಗಳು ಅದರೊಳಗೆ ನುಗ್ಗುತ್ತವೆ. ಆ ಮೇಲೆ ದೇಹವು ಹಳೆಯ ಕಸಿಯನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತಾ, ಅದೇ ಜಾಗದಲ್ಲಿ ನಿಮ್ಮ ಸ್ವಂತ ಹೊಸ ಎಲುಬನ್ನು ಕಟ್ಟುತ್ತದೆ. ಮೆತ್ತನೆಯ ಕಸಿಗೆ ತಿಂಗಳುಗಳು ಸಾಕು, ಗಟ್ಟಿ ಎಲುಬಿನ ಕಸಿಗೆ ವರ್ಷಗಳೇ ಬೇಕು. ಕರಗುವ ಕೆಲಸ ಮುಂದೆ, ಕಟ್ಟುವ ಕೆಲಸ ಹಿಂದೆ ಇರುವ ಅವಧಿಯಲ್ಲಿ ಕಸಿ ಮೊದಲಿಗಿಂತ ದುರ್ಬಲವಾಗಿರುತ್ತದೆ. ರೋಗಿಗೆ ನೋವು ಇಲ್ಲದಿರುವುದೂ ಅದೇ ಅವಧಿಯಲ್ಲಿ. "ನೋವೇ ಇಲ್ಲವಲ್ಲ" ಎಂದು ಊರುಗೋಲು ಮೂಲೆಗಿಟ್ಟು ಹೊಲಕ್ಕೆ ಹೋದರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು.

ಶಸ್ತ್ರಚಿಕಿತ್ಸೆಗೆ ಮೊದಲು

* ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಪೂರ್ತಿ ಬಿಡಬೇಕು. ತಂಬಾಕು ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಎಲುಬು ಕೂಡುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಬಿಟ್ಟು, ಆಮೇಲೆ ಶುರು ಮಾಡಿದರೂ ಹಾನಿಯೇ.
* ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತರಬೇಕು. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ವೈದ್ಯರಿಗೆ ತೋರಿಸಿರಿ.
* ಒಂದೆರಡು ಬಾಟಲಿ ರಕ್ತ ಬೇಕಾಗಬಹುದು. ಹಣ ಕೊಟ್ಟು ದಾನಿಗಳಿಂದ ರಕ್ತ ಪಡೆಯುವುದು 1998ರ ಜನವರಿಯಿಂದ ನಿಷಿದ್ಧ. ಮನೆಯವರು, ಸ್ನೇಹಿತರು ರಕ್ತದಾನಕ್ಕೆ ಮುಂದಾಗಬೇಕು. ಆರೋಗ್ಯವಂತರು ರಕ್ತ ಕೊಟ್ಟರೆ ನಿಶ್ಶಕ್ತಿ ಬರುವುದಿಲ್ಲ.
* ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮೊದಲು ಕೇಳಿರಿ: ಇದು ಯಾವ ಗಡ್ಡೆ? ಕಸಿ ಎಲ್ಲಿಂದ ತೆಗೆಯುತ್ತೀರಿ? ಎಷ್ಟು ದಿನ ಕಾಲೂರಬಾರದು? ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ತೊಂದರೆಗಳೂ ಇವೆ

ಯಾವ ಶಸ್ತ್ರಚಿಕಿತ್ಸೆಯೂ ನೂರಕ್ಕೆ ನೂರು ನಿಶ್ಚಿತವಲ್ಲ. ಗಾಯದಲ್ಲಿ ಕೀವು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಸಿ ಕೂಡದೆ ಕರಗುವುದು, ಎಲುಬು ಮುರಿಯುವುದು ಇವು ಆಗಬಹುದಾದ ತೊಂದರೆಗಳು. ತೆಳ್ಳಗಿನ ಎಲುಬು ತೆಗೆದ ಕಾಲಿನಲ್ಲಿ ಪಾದ ಎತ್ತಲು ಕಷ್ಟವಾದರೆ ತಕ್ಷಣ ತಿಳಿಸಬೇಕು. ಗಡ್ಡೆ ಮರಳುವ ಸಂಭವ ಮೊದಲ ಎರಡು ಮೂರು ವರ್ಷಗಳಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆ ಮಾಡಲಾಗದಷ್ಟು ಬೆಳೆದ ದೈತ್ಯಕೋಶ ಗಡ್ಡೆಗೆ ಡೆನೋಸುಮ್ಯಾಬ್ ಎಂಬ ಚುಚ್ಚುಮದ್ದು 2013ರಿಂದ ಬಳಕೆಗೆ ಬಂದಿದೆ. ಅದು ಎಲ್ಲರಿಗೂ ಅಲ್ಲ, ನಿಲ್ಲಿಸಿದಾಗ ಗಡ್ಡೆ ಮತ್ತೆ ಬೆಳೆಯುವುದುಂಟು. ತಜ್ಞರು ಹೇಳಿದರೆ ಮಾತ್ರ.

ಮನೆಗೆ ಹೋದ ಮೇಲೆ

ಹೊಲಿಗೆ ಬಿಚ್ಚುವುದು ಸುಮಾರು 12ರಿಂದ 14ನೇ ದಿನ. ಅಲ್ಲಿಯವರೆಗೆ ಗಾಯ ನೆನೆಯಬಾರದು. ಅರಿಶಿನ, ಬೂದಿ, ಸೊಪ್ಪಿನ ರಸ ಹಚ್ಚಬಾರದು. ಸಾಮಾನ್ಯವಾಗಿ ಮೊದಲ 6 ವಾರ ಆ ಕಾಲನ್ನು ಊರಬಾರದು, 6ರಿಂದ 12 ವಾರದವರೆಗೆ ಸ್ವಲ್ಪ ಸ್ವಲ್ಪ ಭಾರ, ಆ ಮೇಲೆ ಎಕ್ಸ್-ರೇ ನೋಡಿ ಪೂರ್ತಿ ಭಾರ. ಮೂಟೆ ಹೊರುವುದು, ಟ್ರ್ಯಾಕ್ಟರ್ ನಡೆಸುವುದು, ಕುರಿ ಹಿಂದೆ ಅಲೆಯುವುದು ಆರು ತಿಂಗಳವರೆಗೆ ಬೇಡ. ನಿಮ್ಮ ಲೆಕ್ಕ ಇದಕ್ಕಿಂತ ಬೇರೆ ಇರಬಹುದು, ವೈದ್ಯರು ಚೀಟಿಯಲ್ಲಿ ಬರೆದದ್ದೇ ನಿಮಗೆ ಅನ್ವಯ.

ನೆಲದ ಮೇಲೆ ಕೂರುವುದು, ಕುಕ್ಕುರುಗಾಲಲ್ಲಿ ಕೂರುವುದು ಬೇಡ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ತಾಯಂದಿರಿಗೆ ಕಟ್ಟೆಯ ಮೇಲೆ ಒಲೆ ಇರಿಸಿಕೊಡಿ; ಮೊದಲ ಮೂರು ತಿಂಗಳು ಆ ಕೆಲಸ ಬೇರೆಯವರು ನೋಡಿಕೊಂಡರೆ ಇನ್ನೂ ಒಳ್ಳೆಯದು. ಶೌಚಕ್ಕೆ ಕಮೋಡ್ ಕುರ್ಚಿ ಇರಲಿ. ಇಲ್ಲದಿದ್ದರೆ ಗಟ್ಟಿಯಾದ ಕುರ್ಚಿಯ ಮಧ್ಯೆ ರಂಧ್ರ ಮಾಡಿಸಿ ಬಳಸಬಹುದು. ಬಚ್ಚಲಲ್ಲಿ ಪಾಚಿ ಇರದಂತೆ ನೋಡಿಕೊಳ್ಳಿ.

ಹಾಸಿಗೆಯಲ್ಲಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು ಗಂಟೆಗೊಮ್ಮೆ ಮಾಡಬೇಕು. ರಾಗಿ, ಹಾಲು, ಮೊಸರು, ಎಳ್ಳು, ಸೊಪ್ಪು, ಬೇಳೆಕಾಳು ಊಟದಲ್ಲಿರಲಿ. ಮೈಗೆ ಬಿಸಿಲು ಬೀಳಲಿ. ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವಬೇಡಿರಿ.

ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಊತ ಮತ್ತು ನೋವು, ಇದ್ದಕ್ಕಿದ್ದಂತೆ ತೊಡೆಯಲ್ಲಿ ತೀವ್ರ ನೋವು, ಕಾಲು ಗಿಡ್ಡವಾಗಿ ತಿರುಗಿದಂತೆ ಕಾಣುವುದು - ಇವುಗಳಲ್ಲಿ ಒಂದಿದ್ದರೂ ಕೂಡಲೇ ಬನ್ನಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ಎಲುಬು ಮುರಿದ ಅನುಮಾನ ಬಂದರೆ ಬೈಕಿನ ನಡುವೆ ಕೂರಿಸಿಕೊಂಡು ತರಬೇಡಿರಿ. ಎರಡು ಕಾಲನ್ನೂ ನಡುವೆ ದಿಂಬಿಟ್ಟು ಸೇರಿಸಿ ಕಟ್ಟಿ, ಹಲಗೆ ಅಥವಾ ಗಟ್ಟಿ ಮಂಚದ ಮೇಲೆ ಮಲಗಿಸಿ, ಆಂಬುಲೆನ್ಸ್‌ನಲ್ಲಿ ತನ್ನಿರಿ.

ಎಲ್ಲಿ ಹೋಗಬೇಕು, ಖರ್ಚಿಗೆ ಏನು ದಾರಿ?

ಹಲವಾಗಲು, ಚಿಗಟೇರಿ, ತೆಲಿಗಿ, ಉಚ್ಚಂಗಿದುರ್ಗದ ಕಡೆಯವರು ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ತಪಾಸಣೆ, ಎಕ್ಸ್-ರೇ ಮಾಡಿಸಬಹುದು. ಮುಂದಿನ ಚಿಕಿತ್ಸೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಮತ್ತು ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಜನರು ವಿಮ್ಸ್ ಎಂದು ಕರೆಯುವ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ, ಕಿಮ್ಸ್ ಎಂದು ಕರೆಯುವ ಹುಬ್ಬಳ್ಳಿಯ ಆಸ್ಪತ್ರೆ ಇವೆ. ಕ್ಯಾನ್ಸರ್ ಅನುಮಾನವಿದ್ದರೆ ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಗೆ ಕಳಿಸುತ್ತಾರೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇತರರಿಗೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ಸಿಗುತ್ತದೆ. ತುರ್ತು ಇಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯಿರಿ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತಿತ್ತು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಶುರುವಾಯಿತು. ಪಡಿತರ ಚೀಟಿ, ಆಧಾರ್ ಜೊತೆಗಿಟ್ಟುಕೊಂಡು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕಾಣಿರಿ. ಹೊಲ, ಒಡವೆ ಒತ್ತೆ ಇಡುವ ಮುನ್ನ ಈ ದಾರಿಗಳನ್ನು ನೋಡಿರಿ.

ಕೊನೆಯ ಮಾತು

ಗಾಯ ಒಣಗಿತು, ನಡೆಯಲು ಬಂತು ಎಂದ ಮೇಲೆ ಬಹಳ ಮಂದಿ ಆಸ್ಪತ್ರೆಯ ಕಡೆ ಬರುವುದೇ ಇಲ್ಲ. 6 ವಾರ, 3 ತಿಂಗಳು, 6 ತಿಂಗಳು, 1 ವರ್ಷ, ಆ ಮೇಲೆ ವರ್ಷಕ್ಕೊಮ್ಮೆ ಎಕ್ಸ್-ರೇ ತಪ್ಪಿಸಬೇಡಿರಿ. ದೈತ್ಯಕೋಶ ಗಡ್ಡೆಯವರು ಇನ್ನೂ ಬೇಗ ಬೇಗ ಬರಬೇಕು. ಮರಳಿದ ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ಕೀಲನ್ನು ಉಳಿಸಬಹುದು, ದೊಡ್ಡದಾದ ಮೇಲೆ ಸಿಕ್ಕರೆ ಕೀಲನ್ನೇ ಬದಲಿಸಬೇಕಾಗಬಹುದು. ಹಳೆಯ ಎಕ್ಸ್-ರೇ, ಬಯಾಪ್ಸಿ ವರದಿ, ಬಿಡುಗಡೆ ಚೀಟಿಗಳನ್ನು ಒಂದೇ ಚೀಲದಲ್ಲಿ ಜೋಪಾನವಾಗಿಟ್ಟು ಪ್ರತಿ ಸಲ ತನ್ನಿರಿ. ಹೊಸ ಎಕ್ಸ್-ರೇಯನ್ನು ಹಳೆಯದರ ಪಕ್ಕ ಇಟ್ಟು ನೋಡಿದಾಗಲೇ ಕಸಿ ಕೂಡುತ್ತಿದೆಯೋ, ಕರಗುತ್ತಿದೆಯೋ ತಿಳಿಯುವುದು.

ಗಡ್ಡೆ ತೆಗೆದು ಎಲುಬು ತುಂಬುವುದು ವೈದ್ಯರ ಕೆಲಸ, ಅದನ್ನು ಕೂಡಿಸುವುದು ನಿಮ್ಮ ದೇಹದ ಕೆಲಸ, ಅದಕ್ಕೆ ಬೇಕಾದಷ್ಟು ದಿನ ಕೊಡುವುದು ನಿಮ್ಮ ಮತ್ತು ಮನೆಯವರ ಕೆಲಸ. ಮೂರೂ ಸೇರಿದರೆ ನಿಮ್ಮ ಕಾಲ ಮೇಲೆ ನೀವೇ ನಡೆದು ನಿಮ್ಮ ಕಾಯಕಕ್ಕೆ ಮರಳುವಿರಿ. ಸಂದೇಹವಿದ್ದರೆ ಹೊರರೋಗಿ ವಿಭಾಗದಲ್ಲಿ ಕೇಳಿರಿ. ಓದಿದ ಮೇಲೆ ಈ ಪುಸ್ತಿಕೆಯನ್ನು ಪಕ್ಕದ ಹಾಸಿಗೆಯವರಿಗೂ ಕೊಡಿರಿ.